ಚಿಕ್ಕಮ್ಮ ಕಾದ ಬಿಕ್ಕಳಿಕೆ

ನಮ್ಮ ಚಿಕ್ಕಮ್ಮನಷ್ಟು ಬಿಕ್ಕಳಿಕೆಗೆ ಹಂಬಲಿಸಿದವರು ಇಡೀ ದಾವಣಗೆರೆಯಲ್ಲಿ ಇನ್ನೊಬ್ಬರಿಲ್ಲ! ಉಳಿದವರಿಗೆ ಬಿಕ್ಕಳಿಕೆ ಎಂದರೆ ಕಿರಿಕಿರಿ. ನೀರು ಕುಡಿಯುತ್ತಾರೆ, ಮೂಗು ಹಿಡಿದುಕೊಳ್ಳುತ್ತಾರೆ, ಬೆನ್ನಿಗೆ ಗುದ್ದಿಸಿಕೊಳ್ಳುತ್ತಾರೆ. ಚಿಕ್ಕಮ್ಮ ಮಾತ್ರ ವರ್ಷಗಟ್ಟಲೆ ಕಾದಳು. ಭಾನುವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತು, ಬೇರೇನೋ ಯೋಚನೆಯಲ್ಲಿರುವವಳ ಹಾಗೆ ಕೇಳುತ್ತಿದ್ದಳು.

"ಬಂತೇನೆ?"

ನಾನು ಫೋನು ನೋಡಿ ಹೇಳುತ್ತಿದ್ದೆ, "ಇಲ್ಲ ಚಿಕ್ಕಮ್ಮ."

"ಇರ್ಲಿ ಬಿಡು. ಅವಸರ ಏನೈತೆ?"

ಅವಸರವಿಲ್ಲದವಳು ಮುಂದಿನ ಭಾನುವಾರ ಕಾಫಿಗೆ ಮುಂಚೆಯೇ ಬರುತ್ತಿದ್ದಳು!

ಇದು ಗಂಟಲಿನ ಬಿಕ್ಕಳಿಕೆಯಲ್ಲ. ದೂರದಲ್ಲಿ ಯಾರೋ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದೆ ಎಂಬುದು ನಿಮ್ಮ ಮನೆಯಲ್ಲೂ ಇರುವ ಮಾತು. ಒಬ್ಬೊಬ್ಬರ ಹೆಸರು ಹೇಳುತ್ತಾ ಹೋಗಬೇಕು. ಯಾರ ಹೆಸರಿಗೆ ನಿಲ್ಲುತ್ತದೋ ಅವರೇ ನೆನೆಸಿಕೊಂಡವರು. ನಮ್ಮ ಮನೆಯಲ್ಲೇ ಇದ್ದ ಈ ಚಿಕ್ಕಮ್ಮ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ವಿಜ್ಞಾನಿಗಳು ಒಂದು ಲೇಖನ ಬರೆದರೆ, ತಮಗಿಂತ ಮೊದಲು ಆ ದಾರಿಯಲ್ಲಿ ನಡೆದವರ ಲೇಖನಗಳನ್ನು ಅದರಲ್ಲಿ ಹೆಸರಿಸಿ ಸ್ಮರಿಸುತ್ತಾರೆ. ಅದಕ್ಕೆ ಎಲ್ಲರೂ ಸೈಟೇಷನ್ ಎನ್ನುತ್ತಾರೆ, ಚಿಕ್ಕಮ್ಮ ಬಿಕ್ಕಳಿಕೆ ಎನ್ನುತ್ತಿದ್ದಳು. ಬಂದಿದೆಯೇ ಎಂದು ಫೋನಿನಲ್ಲಿ ಹುಡುಕಿ ನೋಡುವ ಕೆಲಸ ನನ್ನದು. "ಎಲ್ಲೋ ಕೂತಿರೋ ಒಬ್ರು ನನ್ನ ಪೇಪರ್ ನೆನೆಸ್ಕಂಡ್ರೆ ಇಲ್ಲಿ ಅದಕ್ಕೆ ಬಿಕ್ಕಳಿಕೆ ಬರ್ತೈತೆ. ಅಷ್ಟೇ ಕಣೇ ಸೈನ್ಸು!"

ವ್ಯಾಖ್ಯಾನವೇನೋ ಚೆನ್ನಾಗಿತ್ತು. ತೊಂದರೆ ಎಂದರೆ ಚಿಕ್ಕಮ್ಮನ ಪೇಪರುಗಳೆಲ್ಲ ಗುಂಡುಕಲ್ಲಿನ ಹಾಗೆ ಆರೋಗ್ಯವಾಗಿದ್ದವು. ಒಂದಕ್ಕೂ ಬಿಕ್ಕಳಿಕೆ ಬಂದದ್ದಿಲ್ಲ.

ಅವಳೇ ಬರೆದ ಹೊಸ ಪೇಪರಿನಲ್ಲಿ ಅವಳದೇ ಹಳೆಯ ಪೇಪರನ್ನು ಹೆಸರಿಸಬಹುದಲ್ಲ ಎಂದು ನಾನು ಒಮ್ಮೆ ಸೂಚಿಸಿದ್ದೆ. ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಚಿಕ್ಕಮ್ಮ ನನ್ನನ್ನು ಕನಿಕರದಿಂದ ನೋಡಿದಳು. "ನಮ್ಮನ್ನ ನಾವೇ ನೆನೆಸ್ಕಂಡ್ರೆ ಬಿಕ್ಕಳಿಕೆ ಬರ್ತೈತೇನೆ?" ಇನ್ನೊಮ್ಮೆ ಯಾವುದೋ ವಿಚಾರ ಸಂಕಿರಣದಲ್ಲಿ ಪರಿಚಯವಾದ ಬೇರೆ ಊರಿನ ಪ್ರಾಧ್ಯಾಪಕರೊಬ್ಬರು ಫೋನು ಮಾಡಿ, "ಮೇಡಂ, ನೀವು ನನ್ನ ಪೇಪರ್ ಹಾಕ್ರಿ, ನಾನು ನಿಮ್ದು ಹಾಕ್ತೀನಿ, ಇಬ್ರಿಗೂ ಒಳ್ಳೇದಾಗ್ತದೆ" ಎಂದರು. ಚಿಕ್ಕಮ್ಮ ಬಹಳ ಮರ್ಯಾದೆಯಿಂದ ಹೇಳಿದಳು: "ಸರ್, ನೀವು ಮಲೇರಿಯಾ ಸೊಳ್ಳೆ ಮ್ಯಾಲೆ ಕೆಲಸ ಮಾಡೋರು, ನಾನು ಹೂವಿನ ಮ್ಯಾಲೆ. ಇಬ್ರೂ ನೆನೆಸ್ಕಂಡ್ರೆ ನೋಡಿದೋರು ಏನಂತಾರ್ರಿ?"

ಅವಳ ಸಂಶೋಧನೆ ಗಾಳಿಯ ಮೇಲೆ. ಸರಿಯಾಗಿ ಹೇಳಬೇಕೆಂದರೆ ಗಾಳಿಯಲ್ಲಿ ತೇಲುವ ಪರಾಗದ ಮೇಲೆ. ಯಾವ ತಿಂಗಳು ಯಾವ ಗಿಡದ ಪರಾಗ ನಮ್ಮ ಮೂಗಿಗೆ ಬರುತ್ತದೆ, ಯಾರು ಯಾವಾಗ ಸೀನುತ್ತಾರೆ, ಇದು ಅವಳ ಪ್ರಶ್ನೆ. ಗಾಳಿಯನ್ನು ಹೀರಿ ಪರಾಗ ಹಿಡಿಯುವ ಯಂತ್ರವೊಂದು ಬೇಕೆಂದು ಕೇಳಿದ್ದಳು. ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಪರಿಶೀಲನೆ ಮುಗಿಯುವುದರೊಳಗೆ ಅವಳ ನೌಕರಿಯೇ ಮುಗಿಯಿತು, ಅದು ಬೇರೆ ಮಾತು. ಚಿಕ್ಕಮ್ಮ ಕಾಯುವ ಜಾತಿಯಲ್ಲ (ಬಿಕ್ಕಳಿಕೆಯೊಂದನ್ನು ಬಿಟ್ಟು). ಯಂತ್ರವಿಲ್ಲದಿದ್ದರೆ ಏನಂತೆ, ಬಳಗವಿಲ್ಲವೇ?

ಹಾಗಾಗಿ ನಮ್ಮ ಬಳಗದ ಬಯಲು ಮಾಳಿಗೆಗಳೆಲ್ಲ ಸಂಶೋಧನಾ ಕೇಂದ್ರಗಳಾದವು! ಮೊಣಕಾಲೆತ್ತರದ ಒಂದು ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ವ್ಯಾಸಲೀನ್ ಸವರಿದ ಬೆರಳಗಲದ ಒಂದು ಗಾಜು. ಮಳೆ ಬೀಳದಿರಲಿ ಎಂದು ಮೇಲೊಂದು ಸ್ಟೀಲ್ ತಟ್ಟೆಯ ಚಾವಣಿ. ವಾರವಿಡೀ ಗಾಳಿಯಲ್ಲಿ ಹೋಗುವ ಪರಾಗ ಗಾಜಿಗೆ ಅಂಟಿಕೊಳ್ಳುತ್ತದೆ. ಸೋಮವಾರ ಹಳೆ ಗಾಜು ತೆಗೆದು ಹೊಸದಿಡಬೇಕು. ವಿದ್ಯಾನಗರದಲ್ಲಿ ನಮ್ಮ ಮನೆ, ಶಾಮನೂರಿನಲ್ಲಿ ಅಪ್ಪನ ಅಣ್ಣನ ಮನೆ, ಲೋಕಿಕೆರೆಯಲ್ಲಿ ಅತ್ತೆಯ ಮನೆ, ಹರಿಹರದಲ್ಲಿ ದೊಡ್ಡಮ್ಮನ ಮನೆ. ನಮ್ಮ ಮಾಳಿಗೆಯ ಗಾಜಿನ ತುಂಬ ಊರಿನ ಮಂಡಕ್ಕಿ ಹುರಿಯುವ ಭಟ್ಟಿಗಳ ಮಸಿ. ಲೋಕಿಕೆರೆಯ ಗಾಜಿನ ತುಂಬ ಮೆಕ್ಕೆಜೋಳ. ಶಾಮನೂರಿನವರು ಸ್ಟ್ಯಾಂಡಿನ ಮೇಲೆ ಟವೆಲ್, ಬನಿಯನ್ ಒಣಗಿಸುತ್ತಿದ್ದರಾದ್ದರಿಂದ ಅಲ್ಲಿ ಹೆಚ್ಚಾಗಿ ಸಿಕ್ಕಿದ್ದು ದೊಡ್ಡಪ್ಪನ ಬನಿಯನ್ನಿನ ಎಳೆ.

ಬಳಗ ಬೆಳೆದರೆ ಕೇಂದ್ರಗಳೂ ಬೆಳೆಯುತ್ತವಲ್ಲ! ಆದ್ದರಿಂದ ಮದುವೆಯ ಮಾತುಕತೆಗಳಲ್ಲಿ ಚಿಕ್ಕಮ್ಮನಿಗೆ ವಿಪರೀತ ಆಸಕ್ತಿ. ಉಳಿದವರು ಹುಡುಗನ ಓದು, ಹೊಲ, ಅಂಗಡಿ ವಿಚಾರಿಸಿದರೆ ಇವಳು ಕೇಳುವುದು ಒಂದೇ: "ಮಾಳಿಗೆ ಐತಾ?" ನನ್ನನ್ನು ನೋಡಲು ಬಂದ ಒಬ್ಬರು ಫ್ಲಾಟಿನಲ್ಲಿ ಇರುವುದಾಗಿ ಹೇಳಿದರು.

"ಮಾಳಿಗೆ ಯಾರ್ದು ಹಂಗಾರೆ?"

"ಎಲ್ಲರದ್ದೂರಿ ಮೇಡಂ."

"ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ!" ಚಿಕ್ಕಮ್ಮ ಅವಲಕ್ಕಿ ತಟ್ಟೆ ಕೆಳಗಿಟ್ಟಳು. ಮಾತುಕತೆ ಅಲ್ಲಿಗೆ ಮುಗಿಯಿತು. ಅಮ್ಮ ಅವಳ ಜೊತೆ ಒಂದು ವಾರ ಮಾತು ಬಿಟ್ಟಳು. ನಿಜ ಹೇಳಬೇಕೆಂದರೆ ನನಗೂ ಆ ಹುಡುಗ ಅಷ್ಟಾಗಿ ಹಿಡಿಸಿರಲಿಲ್ಲ. ಬೇಡವೆನ್ನಲು ಕಾರಣ ಹುಡುಕುವ ಕಷ್ಟ ತಪ್ಪಿತು. ಮನಸ್ಸಿನಲ್ಲಿರುವುದನ್ನು ಹೊರಗೆ ಹೇಳುವುದು ನನಗೆ ಮೊದಲಿನಿಂದಲೂ ಅಷ್ಟು ಸುಲಭವಲ್ಲ. ಚಿಕ್ಕಮ್ಮನಿಗೆ ಅದು ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ.

ಅವಳ ಎದುರು ಸೀನುವುದೂ ಕಷ್ಟ. ಬೇರೆಯವರು "ಚಿರಂಜೀವಿ" ಎಂದರೆ ಇವಳು "ಎಲ್ಲಿಂದ ಬಂದ್ರಿ?" ಎನ್ನುತ್ತಿದ್ದಳು. ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಮದುಮಗ ಸರಮಾಲೆಯಾಗಿ ಸೀನತೊಡಗಿದ. ಚಿಕ್ಕಮ್ಮ ಅಕ್ಕಿಕಾಳು ಹಿಡಿದವಳು ಹಾಗೆಯೇ ಮಂಟಪ ಹತ್ತಿ, ಅವನ ಕೊರಳಿನ ಹಾರದಿಂದ ಒಂದು ಹೂ ಕಿತ್ತು, ಮೂಗಿನ ಹತ್ತಿರ ಹಿಡಿದು, "ಈಗ ಸೀನಪ್ಪ" ಎಂದಳು. ಅವನು ಸೀನಿದ. ಬೇರೆ ಹೂ ಹಿಡಿದಳು. ಸೀನಲಿಲ್ಲ. "ಸೇವಂತಿಗೆ!" ಎಂದು ಘೋಷಿಸಿದಳು. ಸ್ವಾಮಿಗಳು ಮಂತ್ರ ನಿಲ್ಲಿಸಿ ನೋಡುತ್ತಿದ್ದರು.

ವಿಶ್ವವಿದ್ಯಾಲಯಕ್ಕೆ ಇಷ್ಟು ಹೂ ಸಾಕಾಗುತ್ತಿರಲಿಲ್ಲ, ಹಣ್ಣು ಬೇಕಿತ್ತು. ದೇಶದ ವಿಶ್ವವಿದ್ಯಾಲಯಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಎತ್ತರ ಅಳೆಯುವ ಕಾಲ ಇದು. ಯಾರು ಎಷ್ಟು ಪೇಪರ್ ಬರೆದರು, ಅದನ್ನು ಎಷ್ಟು ಜನ ಹೆಸರಿಸಿದರು ಎಂಬುದೇ ಎತ್ತರ. ವಿಭಾಗದ ಮುಖ್ಯಸ್ಥರು ಒಳ್ಳೆಯವರು, ಆದರೆ ಅವರಿಗೂ ಮೇಲಿನವರಿದ್ದರು.

"ಮೇಡಂ, ಈ ಸಲ ನಮ್ಮ ಔಟ್‌ಪುಟ್ ಸ್ವಲ್ಪ ಏರ್ಬೇಕ್ರಿ."

"ಏರ್ತೈತ್ರಿ ಸರ್. ಮಳೆ ನಿಲ್ಲಲಿ."

"ಮಳಿಗೂ ಇದಕ್ಕೂ ಏನ್ರೀ ಸಂಬಂಧ?"

"ಮಳೆ ನಿಲ್ಲದೆ ಹೂವು ಹೆಂಗೆ ಅರಳ್ತಾವ್ರಿ?"

ಚಿಕ್ಕಮ್ಮನಿಗೆ ಪ್ರಾಧ್ಯಾಪಕಿಯ ಹುದ್ದೆ ಬರಲು ಒಳ್ಳೆಯ ಪತ್ರಿಕೆಯಲ್ಲಿ ಒಂದು ದೊಡ್ಡ ಪೇಪರ್ ಬೇಕಿತ್ತು. ಅದು ಬಂದರೆ ಸಂತೋಷ, ಬರದಿದ್ದರೆ ಊಟ ಬಿಡುವಷ್ಟೇನಲ್ಲ ಎಂಬಂತಿದ್ದಳು. ಆದರೆ ಬಿಕ್ಕಳಿಕೆಯ ವಿಷಯದಲ್ಲಿ ಹಾಗಿರಲಿಲ್ಲ. ಸಂಜೆ ಮಾಳಿಗೆಯ ಮೇಲೆ ಗಾಜು ನೋಡುತ್ತ ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಿದ್ದಳು: "ಇಷ್ಟು ದಿನ ಗಾಳಿಗೆ ಮುಖ ಮಾಡಿ ನಿಂತೀವಿ. ಒಬ್ರಾದ್ರೂ ಓದಿರಬ್ಯಾಡವೇನೆ?" ಉತ್ತರಕ್ಕೆ ಕಾಯದೆ ಗಾಜನ್ನು ಡಬ್ಬಿಗೆ ಹಾಕಿದಳು.

ಹರಿಹರದ ಗಾಜು ಬದಲಿಸುವ ಕೆಲಸ ನನ್ನದು. ಸೋಮವಾರ ಕಾಲೇಜು ಮುಗಿಸಿ ಬಸ್ಸು ಹಿಡಿದರೆ ದೊಡ್ಡಮ್ಮ ಬಾಗಿಲಲ್ಲೇ ಇರುತ್ತಿದ್ದಳು. ದೊಡ್ಡಮ್ಮ ಎಂದರೆ ಅಮ್ಮ, ಚಿಕ್ಕಮ್ಮ ಇಬ್ಬರಿಗೂ ಅಕ್ಕ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ತಂಗಿಯರನ್ನು ಕಂಕುಳಲ್ಲಿ ಹೊತ್ತು ಬೆಳೆಸಿ, ಕೊನೆಯವಳನ್ನು ಕಾಲೇಜಿಗೆ ಕಳಿಸಲೇಬೇಕೆಂದು ಹಟ ಹಿಡಿದವಳು. ಅವಳ ಮಾಳಿಗೆಯಿಂದ ತುಂಗಭದ್ರೆ ಕಾಣುತ್ತದೆ. ಅವಳು ನನ್ನನ್ನು ನೋಡಿದ ಕೂಡಲೇ ಕೇಳುವ ಪ್ರಶ್ನೆ, "ಆಕಿ ಉಂಡ್ಳಾ?" ನಾನು ಉಂಡೆನಾ ಎಂಬುದು ಎರಡನೆಯದು.

ಬಳಗದ ಎಲ್ಲ ಮಾಳಿಗೆಗಳಲ್ಲಿ ಆ ಸ್ಟ್ಯಾಂಡಿಗೆ ಮರ್ಯಾದೆ ಇದ್ದದ್ದು ಇಲ್ಲೊಂದೇ ಕಡೆ. ದೊಡ್ಡಮ್ಮ ಅದರ ಸುತ್ತ ದಿನಾ ಕಸ ಗುಡಿಸುತ್ತಿದ್ದಳು. ಮೊಮ್ಮಕ್ಕಳ ಗಾಳಿಪಟ ಅದರ ಹತ್ತಿರ ಹಾಯುವಂತಿರಲಿಲ್ಲ. "ಅದು ನನ್ನ ತಂಗೀದು. ಅದ್ರಾಗೆ ಆಕಿ ಗಾಳಿ ಹಿಡೀತಾಳೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ನನ್ನ ಕೈಯಲ್ಲಿ ಗಾಜಿನ ಡಬ್ಬಿಯ ಜೊತೆ ಶೇಂಗಾ ಚಟ್ನಿಪುಡಿಯ ಪೊಟ್ಟಣವನ್ನೂ ಕಳಿಸುತ್ತಿದ್ದಳು. ಒಮ್ಮೆ ಚೀಲದೊಳಗೆ ಪೊಟ್ಟಣ ಬಿಚ್ಚಿಕೊಂಡು, ಹರಿಹರದ ಗಾಳಿಯಲ್ಲಿ ಒಣಮೆಣಸಿನಕಾಯಿ ಭಾರಿ ಪ್ರಮಾಣದಲ್ಲಿ ಪತ್ತೆಯಾಯಿತು! ಅಂದಿನಿಂದ ಚಿಕ್ಕಮ್ಮನ ಆಜ್ಞೆ: ಗಾಜು ಬಲಗೈಯಲ್ಲಿ, ಚಟ್ನಿ ಎಡಗೈಯಲ್ಲಿ. ಬಸ್ಸಿನಲ್ಲಿ ಕಂಬಿ ಯಾವುದರಲ್ಲಿ ಹಿಡಿಯಬೇಕೆಂದು ಅವಳು ಹೇಳಲಿಲ್ಲ.

ದಸರೆ ಬಂದರೆ ದೊಡ್ಡಮ್ಮ ಹೇಳಿ ಕಳಿಸುತ್ತಿದ್ದಳು, "ಈ ಸಲನಾದ್ರೂ ಹಬ್ಬಕ್ಕೆ ಬಾ ಅನ್ನು." ಚಿಕ್ಕಮ್ಮ ಹೇಳಿ ಕಳಿಸುತ್ತಿದ್ದಳು, "ಎಣಿಸೋದು ಐತೆ ಅನ್ನು." ರಜೆಯಲ್ಲಿ ಮೈಕ್ರೋಸ್ಕೋಪು ಅವಳೊಬ್ಬಳಿಗೇ ಸಿಗುತ್ತಿತ್ತಲ್ಲ! ಹಬ್ಬದ ವಾರ ನಾನೂ ನಮ್ಮ ಮನೆಯಲ್ಲೇ ಇರುತ್ತಿದ್ದೆ. ಆ ವಾರದ ಗಾಜನ್ನು ದೊಡ್ಡಮ್ಮ ತಾನೇ ತೆಗೆದು, ಹೊಸದಿಟ್ಟು, ಹಳೆಯದನ್ನು ಡಬ್ಬಿಗೆ ಹಾಕಿ ಇಟ್ಟಿರುತ್ತಿದ್ದಳು. ಬಹಳ ಅಚ್ಚುಕಟ್ಟು.

ಈಗ ದೊಡ್ಡ ಪೇಪರಿನ ವಿಷಯಕ್ಕೆ ಬರುತ್ತೇನೆ.

ಹಲವು ವರ್ಷಗಳ ಗಾಜುಗಳನ್ನು ಎಣಿಸಿ ಎಣಿಸಿ ಚಿಕ್ಕಮ್ಮನಿಗೆ ಒಂದು ವಿಚಿತ್ರ ಕಂಡಿತು. ಮಳೆಗಾಲ ಮುಗಿಯುವ ಹೊತ್ತಿಗೆ ಹರಿಹರದ ಗಾಳಿಯಲ್ಲಿ ಚೆಂಡುಹೂವಿನ ಪರಾಗ ಇದ್ದಕ್ಕಿದ್ದಂತೆ ಏರುತ್ತದೆ, ಒಂದೇ ವಾರದಲ್ಲಿ ಇಳಿಯುತ್ತದೆ. ಒಂದು ವರ್ಷವೂ ತಪ್ಪಿಲ್ಲ! ಚೆಂಡುಹೂವಿನ ಪರಾಗ ಭಾರ, ಮೈತುಂಬ ಮುಳ್ಳು. ಜೇನುನೊಣದ ಕಾಲಿಗೆ ಮೆತ್ತಿಕೊಂಡು ಸವಾರಿ ಮಾಡುವ ಜಾತಿ, ಗಾಳಿಗೆ ಹಾರುವಂಥದ್ದಲ್ಲ. ಅದು ಹರಿಹರದಲ್ಲಿ ಮಾತ್ರ ಯಾಕೆ ಹಾರುತ್ತದೆ? ಅದಕ್ಕಿಂತ ವಿಚಿತ್ರವೆಂದರೆ ಏರುವ ವಾರ ಪ್ರತಿ ವರ್ಷ ಜಾಗ ಬದಲಿಸುತ್ತಿತ್ತು. ಒಂದು ವರ್ಷ ಸೆಪ್ಟೆಂಬರಿನ ಕೊನೆಗೆ, ಇನ್ನೊಂದು ವರ್ಷ ಅಕ್ಟೋಬರಿನ ನಡುವೆ. ಚಿಕ್ಕಮ್ಮ ಹವಾಮಾನದ ಅಂಕಿಅಂಶ ತರಿಸಿದಳು. ಮಳೆ ಹಿಂದೆ ಸರಿಯುವಾಗ ಹೊಳೆಯ ಕಡೆಯಿಂದ ಏಳುವ ಗಾಳಿ ಪರಾಗವನ್ನು ಎತ್ತುತ್ತದೆ, ಮಳೆ ಸರಿಯುವ ದಿನ ಬದಲಾದ ಹಾಗೆ ಇದೂ ಬದಲಾಗುತ್ತದೆ ಎಂದು ಸಿದ್ಧಾಂತ ಕಟ್ಟಿದಳು. ಅಂಕಿಗಳು ಚೆನ್ನಾಗಿಯೇ ಕೂತವು. ಒಂದೆರಡು ಕೂರದವುಗಳಿಗೆ ಅವಳು ಹೊಳೆಯ ನೀರಿನ ಮಟ್ಟವನ್ನು ಸೇರಿಸಿ ಕೂರಿಸಿದಳು.

ಹೊರದೇಶದ ಹೆಸರಾಂತ ಪತ್ರಿಕೆಯೊಂದು ಅದನ್ನು ಒಪ್ಪಿಕೊಂಡು ಅಚ್ಚು ಹಾಕಿತು! ವಿಭಾಗದ ಫಲಕದ ಮೇಲೆ ಅದರ ಪ್ರತಿ ಏರಿತು. ಮುಖ್ಯಸ್ಥರು ಶಾಲು ಹೊದಿಸಿದರು. ಪ್ರಾಧ್ಯಾಪಕಿ ಹುದ್ದೆಯ ಕಡತ ಸರಿದಾಡತೊಡಗಿತು. ಚಿಕ್ಕಮ್ಮ ಶಾಲನ್ನು ಮಡಿಚದೆ ಹಾಗೆಯೇ ಕುರ್ಚಿಗೆ ಹಾಕಿ ನನ್ನನ್ನು ಕೇಳಿದ್ದು: "ಇದಕ್ಕಾದ್ರೂ ಬರ್ತೈತಲ್ಲೇನೆ?" ಬಿಕ್ಕಳಿಕೆ.

ಆ ಸಂತೋಷದಲ್ಲಿ ಅವಳು ಎಂದೂ ಮಾಡದ ಒಂದು ಕೆಲಸ ಮಾಡಿದಳು. ದಸರೆಯ ರಜೆಯಲ್ಲಿ ಮೈಕ್ರೋಸ್ಕೋಪಿಗೆ ಬಟ್ಟೆ ಮುಚ್ಚಿ, ಒಂದು ಡಬ್ಬಿ ಪೇಡೆ ಕಟ್ಟಿಸಿಕೊಂಡು, ನನ್ನನ್ನು ಕರೆದುಕೊಂಡು, ಹಬ್ಬಕ್ಕೆ ಅಕ್ಕನ ಮನೆಗೆ ಹೊರಟಳು. ಆಯುಧಪೂಜೆಯ ದಿನ.

ದೊಡ್ಡಮ್ಮನಿಗೆ ಕೈಕಾಲೇ ಆಡಲಿಲ್ಲ. ಪೇಡೆಯ ಡಬ್ಬಿಯನ್ನು ಎದೆಗವಚಿಕೊಂಡು, "ಬಾ, ಮೊದ್ಲು ಮ್ಯಾಲೆ ಬಾ, ನಿನ್ದು ನೋಡು ಬಾ" ಎಂದು ನಮ್ಮನ್ನು ಮಾಳಿಗೆಗೆ ಹತ್ತಿಸಿದಳು.

ಸ್ಟ್ಯಾಂಡು ಮದುಮಗಳ ಹಾಗೆ ನಿಂತಿತ್ತು! ಕಬ್ಬಿಣದ ಕಾಲಿಗೆ ಮೂರೆಳೆ ವಿಭೂತಿ. ನಡುವೆ ಕುಂಕುಮ. ಸ್ಟೀಲ್ ತಟ್ಟೆಯಿಂದ ನಾಲ್ಕೂ ಕಡೆ ಇಳಿಬಿದ್ದ ದಪ್ಪ ಚೆಂಡುಹೂವಿನ ಮಾಲೆ. ಮಾಲೆಯ ಒಂದು ಎಳೆ ಗಾಳಿಗೆ ತೂಗುತ್ತ ಗಾಜನ್ನು ಸವರಿ ಸವರಿ ಹೋಗುತ್ತಿತ್ತು.

ಚಿಕ್ಕಮ್ಮ ಬಾಗಿ ಆ ಎಳೆಯನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿದಳು.

"ಅಕ್ಕಾ, ಏನಿದು?"

"ಏನಂದ್ರೆ? ಪೂಜಿ."

"ಇದಕ್ಯಾಕೆ?"

"ಯಾಕಂದ್ರೆ! ಲಾರಿಯವ್ರು ಲಾರಿಗೆ ಮಾಡ್ತಾರೆ, ದರ್ಜಿ ಮಿಷನ್ನಿಗೆ ಮಾಡ್ತಾನೆ. ನಮ್ಮನ್ಯಾಗೆ ಕುಡುಗೋಲಿಗೂ ಮಾಡಿ, ಮಿಕ್ಸಿಗೂ ಮಾಡಿ, ನಿನ್ನ ಆಯುಧ ಬಿಡಾಕ್ಕಾಗ್ತೈತಾ?"

"ಪ್ರತಿ ವರ್ಷ ಮಾಡ್ತೀಯಾ?"

"ಒಂದು ವರ್ಷನೂ ತಪ್ಪಿಸಿಲ್ಲ" ಎಂದಳು ದೊಡ್ಡಮ್ಮ. ಅವಳ ಮುಖದಲ್ಲಿದ್ದ ಹೆಮ್ಮೆ ನನಗೆ ಈಗಲೂ ಕಾಣುತ್ತದೆ. "ಮರುದಿನ ಎಲ್ಲ ತೆಗ್ದು ತೊಳ್ದು ಒರಸಿರ್ತೀನಿ. ನಿನ್ನ ಹುಡುಗಿ ಬರೋದ್ರಾಗೆ ಹೊಸದಿದ್ದಂಗೆ ಇರ್ತೈತೆ, ಕೇಳು ಬೇಕಾದ್ರೆ."

ಮಳೆಯೂ ಸರಿಸಿರಲಿಲ್ಲ, ಹೊಳೆಯ ಗಾಳಿಯೂ ಎತ್ತಿರಲಿಲ್ಲ. ಆ ವಾರವನ್ನು ವರ್ಷವರ್ಷವೂ ಹಿಂದೆ ಮುಂದೆ ಸರಿಸಿದ್ದು ಪಂಚಾಂಗ!

ಬೇರೆ ದಿನವಾಗಿದ್ದರೆ ಚಿಕ್ಕಮ್ಮನೇ ಮೊದಲು ನಗುತ್ತಿದ್ದಳೇನೋ. ಅವತ್ತು ನಗಲಿಲ್ಲ. "ನಿನಗೇನು ತಿಳೀತೈತೆ ಅಂತ ಮುಟ್ಟಿದಿ ಅಕ್ಕ? ನನ್ನ ಇಷ್ಟು ವರ್ಷದ ಕೆಲಸ ನೀರಾಗೆ ಹಾಕಿದಿ" ಎಂದಳು. ಗಾಜನ್ನು ಕಿತ್ತು ಡಬ್ಬಿಗೆ ಹಾಕಿದಳು. "ಇನ್ಮ್ಯಾಲೆ ಇಲ್ಲಿ ಗಾಜು ಬ್ಯಾಡ." ಮೆಟ್ಟಿಲಿಳಿದು ಹೋಗಿಬಿಟ್ಟಳು. ದೊಡ್ಡಮ್ಮ ಪೇಡೆಯ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದಳು. "ಹೂವು ಏರ್ಸಿದ್ದು ತಪ್ಪೇನೆ?" ಎಂದು ನನ್ನನ್ನು ಕೇಳಿದಳು. ಕೆಳಗೆ ಹೋಳಿಗೆಯ ಹೂರಣ ರುಬ್ಬಿಟ್ಟಿದ್ದು ಹಾಗೆಯೇ ಉಳಿಯಿತು.

ಮಾರನೆಯ ವಾರ ಚಿಕ್ಕಮ್ಮ ಪತ್ರಿಕೆಗೆ ತಿದ್ದುಪಡಿ ಬರೆಯಲು ಕೂತಳು. ಮುಖ್ಯಸ್ಥರು ಗಾಬರಿಯಾಗಿ ಮನೆಗೇ ಬಂದರು.

"ಮೇಡಂ, ಸುಮ್ನಿರ್ರಿ. ಯಾರು ಓದ್ತಾರ್ರಿ ಅದನ್ನ?"

"ಯಾರಾದ್ರೂ ಓದ್ಲಿ ಅಂತನೇ ಬರ್ದಿದ್ದು ಸರ್."

"ನಿಮ್ಮ ಪ್ರಮೋಷನ್ ಕಡತ ಮ್ಯಾಲೆ ಹೋಗೈತ್ರಿ!"

"ಹೂವಿನ ಮಾಲೆ ಹಾಕ್ಸಿಕೊಂಡು ಹೋಗೈತ್ರಿ ಅದು. ಇಳಿಸ್ರಿ" ಎಂದಳು ಚಿಕ್ಕಮ್ಮ.

ಪತ್ರಿಕೆಯವರು ಪೇಪರನ್ನು ಹಿಂತೆಗೆದುಕೊಂಡರು. ಅದರ ಜಾಗದಲ್ಲಿ ಅವಳ ಸಣ್ಣ ತಿದ್ದುಪಡಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಯಿತು. ಕಡತವೂ ಇಳಿಯಿತು. ಚಿಕ್ಕಮ್ಮ ಪ್ರಾಧ್ಯಾಪಕಿಯಾಗದೆಯೇ ನಿವೃತ್ತಳಾದಳು. ಬೀಳ್ಕೊಡುಗೆಯಲ್ಲಿ ಹಾಕಿದ್ದು ಚೆಂಡುಹೂವಿನ ಹಾರ! ಅವಳು ಅದನ್ನು ಕೊರಳಿಂದ ತೆಗೆದು ದೂರದ ಕುರ್ಚಿಯ ಮೇಲೆ ಇಟ್ಟಳು. ಸಭೆಯಲ್ಲಿ ಅದು ಯಾರಿಗೂ ಅರ್ಥವಾಗಲಿಲ್ಲ.

ಅಕ್ಕತಂಗಿಯರ ನಡುವೆ ಮಾತು ನಿಂತಿತ್ತು. ಗಾಜಿಲ್ಲದಿದ್ದರೂ ಸೋಮವಾರ ಬಂದರೆ ನನ್ನ ಕಾಲು ಹರಿಹರದ ಬಸ್ಸಿನ ಕಡೆಗೇ ಹೋಗುತ್ತಿತ್ತು. ದೊಡ್ಡಮ್ಮ "ಆಕಿ ಉಂಡ್ಳಾ?" ಎಂದು ಕೇಳುವುದು ನಿಲ್ಲಿಸಿದಳು. ಅದರ ಬದಲು, "ದಾವಣಗೆರ್ಯಾಗೆ ಎಲ್ಲ ಉಣ್ತಾರಾ?" ಎನ್ನುತ್ತಿದ್ದಳು. ಚಟ್ನಿಪುಡಿ ಮಾತ್ರ ತಪ್ಪದೆ ಬರುತ್ತಿತ್ತು, ಯಾರಿಗೆಂದು ಹೇಳುತ್ತಿರಲಿಲ್ಲ. ನಾನು ಮನೆಗೆ ಬಂದರೆ ಚಿಕ್ಕಮ್ಮ ಪೊಟ್ಟಣ ಬಿಚ್ಚಿ ರೊಟ್ಟಿಗೆ ಹಾಕಿಕೊಂಡು, ಗೋಡೆ ನೋಡುತ್ತ ಕೇಳುತ್ತಿದ್ದಳು, "ಹರಿಹರದಾಗೆ ಗಾಳಿ ಹೆಂಗೈತೆ?"

"ಇದೆ ಚಿಕ್ಕಮ್ಮ."

"ಹ್ಞೂಂ. ಹೊಳಿ ಕಡೆ ಊರು. ಇರ್ತೈತೆ."

ನಾನು ಎರಡೂ ಕಡೆ ಸುದ್ದಿ ಒಯ್ಯಬಹುದಾಗಿತ್ತು. ಅವಳು ನಿನ್ನನ್ನು ಕೇಳುತ್ತಾಳೆ ಎಂದು ಇಬ್ಬರಿಗೂ ಹೇಳಬಹುದಾಗಿತ್ತು. ಆದರೆ ಹಾಗೆ ಬಾಯಿಬಿಟ್ಟು ಹೇಳುವ ಮಾತುಗಳಲ್ಲ ಇವು ಎಂದು ನಾವು ಮೂವರೂ ಯಾಕೋ ನಂಬಿಕೊಂಡಿದ್ದೆವು. ಬಹುಶಃ ಇದೊಂದು ವಿಷಯದಲ್ಲಿ ನಾನು ಅವರಿಬ್ಬರನ್ನೂ ಹೋಲುತ್ತೇನೆ.

ನಿವೃತ್ತಿಯ ನಂತರವೂ ಭಾನುವಾರದ ಪ್ರಶ್ನೆ ನಿಲ್ಲಲಿಲ್ಲ. "ಬಂತೇನೆ?" "ಇಲ್ಲ." ಆಮೇಲೆ ಒಂದು ಭಾನುವಾರ ನಾನು ಫೋನು ನೋಡಿದವಳು ಇನ್ನೊಮ್ಮೆ ನೋಡಿದೆ.

"ಚಿಕ್ಕಮ್ಮ, ಬಂದಿದೆ."

ಲೋಟದ ಕಾಫಿ ತುಳುಕಿತು. "ಯಾವುದಕ್ಕೆ? ಪಾರ್ಥೇನಿಯಂ ಪೇಪರಿಗಾ? ಮೆಕ್ಕೆಜೋಳದ್ದಕ್ಕಾ?"

"ತಿದ್ದುಪಡಿಗೆ."

ದೂರದ ಯಾವುದೋ ದೇಶದಲ್ಲಿ, ನಾವು ಹೆಸರು ಸರಿಯಾಗಿ ಉಚ್ಚರಿಸಲಾರದ ಒಬ್ಬ ಸಂಶೋಧಕಿ, ಜನರ ಮನೆಗಳ ಮೇಲೆ ಉಪಕರಣ ಇಡುವವರು ಏನೇನು ಎಚ್ಚರ ವಹಿಸಬೇಕು ಎಂದು ಬರೆದಿದ್ದಳು. ಆ ಮನೆಯ ಹಬ್ಬಗಳು ಯಾವಾಗ ಬರುತ್ತವೆಂದು ತಿಳಿದುಕೊಂಡಿರಬೇಕು ಎಂದು ಹೇಳಿ, ಅಲ್ಲಿ ನಮ್ಮ ಚಿಕ್ಕಮ್ಮನನ್ನು ನೆನೆದಿದ್ದಳು. ಅಷ್ಟು ಪೇಪರುಗಳಲ್ಲಿ ಬಿಕ್ಕಳಿಕೆ ಬಂದದ್ದು ತಪ್ಪೊಪ್ಪಿಗೆಗೆ!

ಚಿಕ್ಕಮ್ಮ ನಕ್ಕಳು. ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಆಮೇಲೆ ಎದ್ದು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು. "ನಡಿ. ಹರಿಹರಕ್ಕೆ."

ದೊಡ್ಡಮ್ಮ ಪಡಸಾಲೆಯಲ್ಲಿ ಕೂತು ಹೆಸರುಕಾಳು ಆರಿಸುತ್ತಿದ್ದಳು. ತಲೆ ಎತ್ತಿ ನೋಡಿ, ಮತ್ತೆ ಕಾಳಿಗೆ ಕಣ್ಣು ಹಾಕಿದಳು. ಚಿಕ್ಕಮ್ಮ ಬಾಗಿಲಲ್ಲೇ ನಿಂತು ಹೇಳಿದಳು: "ಅಕ್ಕ, ಬಿಕ್ಕಳಿಕೆ ಬಂತು."

"ನೀರು ಕುಡಿ" ಎಂದಳು ದೊಡ್ಡಮ್ಮ.

ಕೊನೆಗೆ ನಾನೇ ವಿಷಯ ಬಿಡಿಸಿ ಹೇಳಬೇಕಾಯಿತು. ದೊಡ್ಡಮ್ಮ ಕಾಳು ಆರಿಸುತ್ತಲೇ ಕೇಳಿಸಿಕೊಂಡಳು. "ಅದ್ರಾಗೆ ಏನಂತ ಬರ್ದಿದ್ಲು ಈಕಿ?" ಎಂದಳು. ನಾನು ಫೋನಿನಲ್ಲಿದ್ದ ತಿದ್ದುಪಡಿಯನ್ನು ನಿಧಾನವಾಗಿ ಕನ್ನಡದಲ್ಲಿ ಹೇಳಿದೆ. ಹರಿಹರದ ಕೇಂದ್ರವನ್ನು ನೋಡಿಕೊಂಡವರು ಅದನ್ನು ಬೇರೆಲ್ಲ ಕೇಂದ್ರಗಳಿಗಿಂತ ಹೆಚ್ಚು ಶ್ರದ್ಧೆಯಿಂದ ನೋಡಿಕೊಂಡಿದ್ದರು. ಈ ತಪ್ಪಿಗೆ ಅವರು ಕಾರಣರಲ್ಲ. ಆ ಕೇಂದ್ರವನ್ನಿಟ್ಟ ಸಂಶೋಧಕಿ ಇಷ್ಟು ವರ್ಷಗಳಲ್ಲಿ ಹಬ್ಬದ ದಿನ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ, ತಪ್ಪು ಅದು.

ದೊಡ್ಡಮ್ಮನ ಕೈ ಕಾಳಿನ ಮೇಲೆ ನಿಂತಿತು.

"ಇದನ್ನ ಎಲ್ರಿಗೂ ಹೇಳಿದಿ."

ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ದೇಶದ ಆಚಿಗೂ ಹೇಳಿದಿ. ಇಲ್ಲಿ ಬಸ್ಸಿಗೆ ಅರ್ಧ ತಾಸಿನ ದಾರಿ." ದೊಡ್ಡಮ್ಮನ ದನಿ ಏರಲಿಲ್ಲ. "ಮೂರು ದೀಪಾವಳಿ ಆದ್ವು. ನನಗೊಂದು ಬಿಕ್ಕಳಿಕೆ ಬರ್ಲಿಲ್ಲಲ್ಲೇ, ತಂಗೀ. ನಾನೂ ಕಾದೆ."

ಇಡೀ ಬಳಗದಲ್ಲಿ ಯಾವ ಮಾತಿಗೂ ಸೋಲದ ನಮ್ಮ ಚಿಕ್ಕಮ್ಮ ಚೀಲಕ್ಕೆ ಕೈ ಹಾಕಿದಳು. ಒಂದು ಗಾಜು ತೆಗೆದಳು. ಅದನ್ನು ಯಾವಾಗ ಚೀಲಕ್ಕೆ ಹಾಕಿಕೊಂಡಿದ್ದಳೋ ನಾನು ನೋಡಿರಲಿಲ್ಲ. ವ್ಯಾಸಲೀನ್ ಸವರುವಾಗ ಒಂದು ಕಡೆ ದಪ್ಪವಾಯಿತು. ಮೆಟ್ಟಿಲ ಕಡೆ ಹೊರಟಳು.

"ಚಪ್ಪಲಿ ಬಿಟ್ಟು ಹತ್ತು!" ಎಂದು ದೊಡ್ಡಮ್ಮ ಗದರಿದಳು.

ಮೇಲೆ ಸ್ಟ್ಯಾಂಡು ಹಾಗೆಯೇ ಇತ್ತು. ಗಾಜಿಲ್ಲದ ಜಾಗವನ್ನೂ ಯಾರೋ ದಿನಾ ಒರೆಸಿದ್ದು ಕಾಣುತ್ತಿತ್ತು. ಹೂವಿರಲಿಲ್ಲ, ವಿಭೂತಿಯೂ ಇರಲಿಲ್ಲ. ಚಿಕ್ಕಮ್ಮ ಗಾಜು ಕೂರಿಸಿ, ಹೊಳೆಯ ಕಡೆ ಮುಖ ಮಾಡಿ ನಿಂತಳು. ಹಿಂದಿನಿಂದ ದೊಡ್ಡಮ್ಮ ಏದುಸಿರು ಬಿಡುತ್ತ ಬಂದಳು.

"ಆಯುಧಪೂಜಿಗೆ ಹೂವು ಹಾಕು ಅಕ್ಕ" ಎಂದಳು ಚಿಕ್ಕಮ್ಮ, ತಿರುಗದೆ. "ಎಷ್ಟು ಬೇಕಾದ್ರೂ ಹಾಕು. ಆ ವಾರ ನಾನು ಗಾಜು ತೆಕ್ಕಂಡು ಕೆಳಗೆ ಕೂತಿರ್ತೀನಿ."

"ಕೂತು ಏನ್ಮಾಡ್ತಿ?"

"ಹೋಳಿಗೆ ತಿಂತೀನಿ."

"ಎಣಿಸೋದು ಇರಲ್ಲೇನು?"

"ಹೋಳಿಗೆ ಎಣಿಸ್ತೀನಿ!"

ಈಗ ಹರಿಹರದ ಗಾಜನ್ನು ಯಾವ ವಿಶ್ವವಿದ್ಯಾಲಯವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರಿಂದ ಯಾವ ಪೇಪರೂ ಆಗುವುದಿಲ್ಲ. ಸೋಮವಾರ ಚಿಕ್ಕಮ್ಮನೇ ಬಸ್ಸು ಹತ್ತಿ ಹೋಗುತ್ತಾಳಂತೆ. ಬದಲಿಸುವುದು ಕ್ಷಣದ ಕೆಲಸ, ಬರುವುದು ಸಂಜೆಗಂತೆ. ಅಂತೆ ಎನ್ನುತ್ತಿದ್ದೇನೆ, ಯಾಕೆಂದರೆ ನಾನೀಗ ಬೇರೆ ಜಿಲ್ಲೆಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಾಡಿಗೆ ಕೋಣೆಗೆ ಮಾಳಿಗೆಯೇನೋ ಇದೆ. ಬಲಗೈಯಲ್ಲಿ ಗಾಜಿಲ್ಲ, ಎಡಗೈಯಲ್ಲಿ ಚಟ್ನಿಪುಡಿಯಿಲ್ಲ; ಬಸ್ಸಿನ ಕಂಬಿ ಹಿಡಿಯಲು ಈಗ ಎರಡೂ ಕೈ ಖಾಲಿ. ನನ್ನನ್ನು ಅವರು ನೆನೆಸಿಕೊಳ್ಳುತ್ತಾರೋ ಇಲ್ಲವೋ, ನಾನು ಫೋನು ಮಾಡಿ ವಿಚಾರಿಸುವವಳಲ್ಲ, ಅವರೂ ಹೇಳುವವರಲ್ಲ.

ಆದರೆ ಕೆಲವು ಸೋಮವಾರ ಸಂಜೆ, ಅವರಿಬ್ಬರೂ ಮಾಳಿಗೆಯ ಮೇಲೆ ಹೊಳೆ ನೋಡುತ್ತ ಕೂತಿರುವ ಹೊತ್ತಿಗೆ, ನನಗೆ ಬಿಕ್ಕಳಿಕೆ ಬರುತ್ತದೆ. ಆಗ ನಾನು ನೀರು ಕುಡಿಯುವುದಿಲ್ಲ. ಯಾರ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನಿಂತುಬಿಡುತ್ತದಲ್ಲ!